ಕೀಬೋರ್ಡ್ ನುಡಿಸುವವರ ಕಾಲಿಗೆ ಏನು ಕೆಲಸ?

ಹೊಸದಾಗಿ ಕೀಬೋರ್ಡ್ ಕೊಂಡವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಪೆಡಲ್ಲಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಯಾವ ಕಂಪನಿಯದು, ಎಷ್ಟು ಮನೆಯದು (ಅಂದರೆ ಎಷ್ಟು ಕೀಯದು), ಸ್ಟ್ಯಾಂಡ್ ಎಂಥದ್ದು, ಮಗುವಿಗೆ ಎಷ್ಟನೇ ವಯಸ್ಸಿಗೆ ಶುರುಮಾಡಿಸಬಹುದು, ಇಷ್ಟೆಲ್ಲ ಆದ ಮೇಲೆ, ಮಾತು ಮುಗಿಯುವ ಹೊತ್ತಿಗೆ, "ಸರ್, ಕಾಲಲ್ಲಿ ಒತ್ತೋದು ಒಂದು ಬರುತ್ತಲ್ಲ, ಅದೂ ಬೇಕಾಗುತ್ತಾ? ಬೇಕಿದ್ರೆ ಯಾವುದು ತಗೊಳ್ಳಲಿ?" ಎನ್ನುತ್ತಾರೆ. ಅಂಗಡಿಯವರೂ ಅದನ್ನು ಅಡಾಪ್ಟರ್, ಕವರುಗಳ ಜೊತೆಗೇ ಸೇರಿಸಿ ಬಿಲ್ ಮಾಡಿಬಿಡುತ್ತಾರೆ.

ನನ್ನ ಪಾಲಿಗೆ ಅದು ಕವರಿನ ಸಾಲಿಗೆ ಸೇರುವ ವಸ್ತುವಲ್ಲ. ಎರಡು ಕೈಗಳೂ ಮನೆಗಳ ಮೇಲಿರುವಾಗ, ಒತ್ತಿದ ಸ್ವರಕ್ಕೆ ಮುಂದೆ ಏನಾಗಬೇಕು ಎಂದು ತೀರ್ಮಾನಿಸಲು ಉಳಿದಿರುವುದು ಕಾಲು ಮಾತ್ರ. ಹಾಗಾಗಿ ಯಾವ ಪೆಡಲ್ ಎಂದು ಕೇಳಿದವರನ್ನು ನಾನು ತಿರುಗಿ ಕೇಳುತ್ತೇನೆ: ಏನು ನುಡಿಸುತ್ತೀರಿ? ನುಡಿಸುವಾಗ ಹೇಗೆ ಕೂರುತ್ತೀರಿ? ಕೀಬೋರ್ಡಿನ ಹಿಂಬದಿಯಲ್ಲಿ ಪೆಡಲ್ಲಿಗೆಂದು ಎಷ್ಟು ಜಾಕ್ ಇವೆ, ಅವುಗಳ ಪಕ್ಕ ಏನು ಬರೆದಿದೆ? ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಪಿಯಾನೊ ನುಡಿಸುವವರು ಪಿಯಾನೊ ಕಲಿಯುವವರಿಗೆ ಕೊಟ್ಟವು. ಭಾವಗೀತೆಗೆ, ಭಜನೆಗೆ, ರಂಗಗೀತೆಗೆ, ಆರ್ಕೆಸ್ಟ್ರಾಕ್ಕೆ ನುಡಿಸುವವರ ಕಾಲಿನ ಕೆಲಸವೇ ಬೇರೆ. ನಮ್ಮಲ್ಲಿ ಬಹಳಷ್ಟು ಜನ ಮೊದಲು ಕೊಳ್ಳಬೇಕಾದದ್ದು ಎಲ್ಲರೂ ಕೊಳ್ಳುವ, ಬೆರಳು ಬಿಟ್ಟರೂ ನಾದ ಉಳಿಸುವ ಸಸ್ಟೇನ್ ಪೆಡಲ್ ಅಲ್ಲ, ದನಿಯನ್ನು ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಯಾಕೆ ಎನ್ನುವುದಕ್ಕೆ ಹಾರ್ಮೋನಿಯಂವರೆಗೆ ಹಿಂದೆ ಹೋಗಬೇಕು.

ನಮ್ಮ ವೃತ್ತಿ ನಾಟಕ ಕಂಪನಿಗಳಲ್ಲಿ ಲೆಗ್ ಹಾರ್ಮೋನಿಯಂ ಇರುತ್ತಿತ್ತು. ಮೇಜಿನೆತ್ತರದ ಪೆಟ್ಟಿಗೆ, ಕೆಳಗೆ ಎರಡು ಅಗಲವಾದ ತುಳಿಮಣೆ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಎರಡೂ ಕಾಲಲ್ಲಿ ಒಂದಾದ ಮೇಲೊಂದರಂತೆ ತುಳಿಯುತ್ತ, ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ಮೈಕು ಬರುವ ಮುಂಚಿನ ದಿನಗಳಲ್ಲಿ ಕೊನೆಯ ಸಾಲಿಗೂ ಶ್ರುತಿ ಮುಟ್ಟಿಸಿದ್ದು ಈ ಪೆಟ್ಟಿಗೆ. ಮೂಲ ಯುರೋಪಿನದು. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಅಲೆಕ್ಸಾಂಡ್ರ್ ದೆಬೆ ಎಂಬಾತ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಪೇಟೆಂಟ್ ಮಾಡಿಸಿದ ವಾದ್ಯ. ಆ ಫ್ರೆಂಚ್ ಹಾರ್ಮೋನಿಯಂಗಳಲ್ಲಿ ಎಳೆದು ಬಿಡುವ ಗುಬ್ಬಿಗಳ ಸಾಲಿನಲ್ಲಿ ಒಂದಕ್ಕೆ ಎಕ್ಸ್‌ಪ್ರೆಶನ್ ಎಂದೇ ಹೆಸರು. ಅದನ್ನು ಎಳೆದರೆ ಗಾಳಿಯನ್ನು ಕೂಡಿಟ್ಟು ಒಂದೇ ಸಮನೆ ಒದಗಿಸುವ ಚೀಲದ ಸಂಪರ್ಕ ಕಡಿಯುತ್ತದೆ. ಕಾಲು ತುಳಿದ ಗಾಳಿ ನೇರವಾಗಿ ರೀಡಿಗೆ ಹೋಗುತ್ತದೆ. ಮೆಲ್ಲಗೆ ತುಳಿದರೆ ದನಿ ಮೆಲ್ಲಗೆ, ಒತ್ತಿ ತುಳಿದರೆ ದನಿ ಗಟ್ಟಿ. ಒಂದೇ ಸ್ವರವನ್ನು ಹಿಡಿದುಕೊಂಡು ಅದನ್ನು ಉಬ್ಬಿಸಿ ಇಳಿಸಲು ನುಡಿಸುವವರಿಗೆ ಅಧಿಕಾರ ಸಿಕ್ಕಿದ್ದು ಕಾಲಿನಿಂದ.

ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷ್ ಅವರು 1875ರ ಸುಮಾರಿಗೆ ಕೈಹಾರ್ಮೋನಿಯಂ ರೂಪಿಸಿದ ಮೇಲೆ ಪೆಟ್ಟಿಗೆ ನೆಲಕ್ಕಿಳಿಯಿತು, ತಿದಿ ಹಿಂಬದಿಗೆ ಬಂತು, ಕಾಲಿನ ಕೆಲಸ ಎಡಗೈಗೆ ಬಂತು. ಒಳ್ಳೆಯ ಹಾರ್ಮೋನಿಯಂ ವಾದಕರ ಎಡಗೈಯನ್ನು ಒಮ್ಮೆ ಗಮನಿಸಿ. ಗಾಯಕರು ಪಲ್ಲವಿಯ ಮೊದಲ ಸಾಲನ್ನು ಮೆಲುವಾಗಿ ಎತ್ತಿಕೊಂಡಾಗ ತಿದಿ ಆಡಿದ್ದೇ ಕಾಣುವುದಿಲ್ಲ. ಚರಣ ಮೇಲಿನ ಷಡ್ಜಕ್ಕೆ ಏರಿದಾಗ ಮಣಿಕಟ್ಟು ಪೂರ್ತಿ ತೆರೆದುಕೊಳ್ಳುತ್ತದೆ. ಹಾಡಿನ ಉಸಿರು ಆ ಕೈಯಲ್ಲಿದೆ.

ಆಮೇಲೆ ನಾವು ಕೀಬೋರ್ಡಿಗೆ ಬಂದೆವು. ಎಡಗೈ ಬಿಡುವಾಯಿತು, ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ಹಿಡಿಯಲು ಕಲಿತೆವು. ಆದರೆ ಉಸಿರು ಎಲ್ಲಿ ಹೋಯಿತು? ಟಚ್ ಇರುವ ಕೀಬೋರ್ಡಿನಲ್ಲೂ ಬೆರಳಿನ ಬಿರುಸು ತೀರ್ಮಾನಿಸುವುದು ಸ್ವರ ಹುಟ್ಟುವ ಕ್ಷಣವನ್ನು ಮಾತ್ರ. ಪಿಯಾನೊಗೆ, ಗಿಟಾರಿಗೆ, ಸಂತೂರಿಗೆ ಅಷ್ಟು ಸಾಕು, ಏಕೆಂದರೆ ಅವು ಮೀಟಿದ ಮೇಲೆ ತಾವಾಗಿಯೇ ಕರಗುವ ದನಿಗಳು. ನಮ್ಮವರು ಹೆಚ್ಚಾಗಿ ನುಡಿಸುವುದು ಕೊಳಲು, ವಯಲಿನ್, ಸ್ಟ್ರಿಂಗ್ಸ್, ಶಹನಾಯಿ, ಹಾರ್ಮೋನಿಯಂ ಟೋನುಗಳನ್ನು. ಇವು ಬೆರಳು ಬಿಡುವ ತನಕ ಇದ್ದ ಮಟ್ಟದಲ್ಲೇ ನಿಲ್ಲುವ ದನಿಗಳು. ನಿಜವಾದ ಕೊಳಲಿನವರು ಒಂದು ದೀರ್ಘ ಪಂಚಮವನ್ನು ಸಣ್ಣಗೆ ಹುಟ್ಟಿಸಿ, ನಡುವೆ ತುಂಬಿಸಿ, ತುದಿಯಲ್ಲಿ ಎಳೆಯಾಗಿ ಬಿಡುತ್ತಾರೆ. ಕೀಬೋರ್ಡಿನ ಕೊಳಲು ಅದೇ ಪಂಚಮವನ್ನು ಗೋಡೆಯ ಹಾಗೆ ನಿಲ್ಲಿಸುತ್ತದೆ. "ಕೀಬೋರ್ಡ್ ಕೊಳಲು ಕೃತಕವಾಗಿ ಕೇಳುತ್ತೆ" ಎನ್ನುವ ದೂರಿಗೆ ಮುಖ್ಯ ಕಾರಣ ಟೋನಿನ ಗುಣಮಟ್ಟವಲ್ಲ, ಈ ಗೋಡೆ. ಕಾಲಿಗೆ ಎಕ್ಸ್‌ಪ್ರೆಶನ್ ಪೆಡಲ್ ಕೊಟ್ಟರೆ ಸಾಧಾರಣ ಕೀಬೋರ್ಡಿನ ಕೊಳಲೂ ಉಸಿರಾಡುತ್ತದೆ.

ಎಕ್ಸ್‌ಪ್ರೆಶನ್ ಪೆಡಲ್ ಅಂದರೆ ಪಾದದಷ್ಟು ಉದ್ದದ, ಮುಂಗಾಲಿಗೂ ಹಿಮ್ಮಡಿಗೂ ವಾಲುವ ಹಲಗೆ. ಒಳಗೆ ಇರುವುದು ರೇಡಿಯೊ ವಾಲ್ಯೂಮ್ ಗುಂಡಿಯಲ್ಲಿರುವಂಥದೇ ಒಂದು ಪೊಟೆನ್ಷಿಯೋಮೀಟರ್. ಸದ್ದು ಅದರ ಮೂಲಕ ಹಾಯುವುದಿಲ್ಲ. ಹಲಗೆ ಎಲ್ಲಿದೆ ಎಂಬ ಸುದ್ದಿ ಮಾತ್ರ ಕೀಬೋರ್ಡಿಗೆ ಹೋಗುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳು ಇಂಥ ಸುದ್ದಿ ಕಳಿಸಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಇದಕ್ಕೆ 11ನೇ ನಂಬರಿನ ಕಂಟ್ರೋಲ್ ಮೀಸಲು, ಕಳಿಸುವ ಅಂಕಿ 0ಯಿಂದ 127ರವರೆಗೆ. ವಾಲ್ಯೂಮಿಗೆ ಬೇರೆಯೇ ನಂಬರ್ ಇದೆ, 7. ಇದರ ಪ್ರಯೋಜನ ವೇದಿಕೆಯಲ್ಲಿ ತಿಳಿಯುತ್ತದೆ. ಸೌಂಡ್ ಚೆಕ್‌ನಲ್ಲಿ ವಾಲ್ಯೂಮನ್ನು ಒಂದು ಮಟ್ಟಕ್ಕೆ ನಿಲ್ಲಿಸಿದ ಮೇಲೆ, ಎಕ್ಸ್‌ಪ್ರೆಶನ್ ಆ ಮಟ್ಟದ ಒಳಗೇ ಏರಿಳಿಯುತ್ತದೆ. ಕಾಲು ಪೂರ್ತಿ ಒತ್ತಿದರೂ ನೀವು ಗಾಯಕರನ್ನು ಮುಳುಗಿಸುವುದಿಲ್ಲ. ಕೀಬೋರ್ಡೇ ಬಾರಿಸುವ ತಾಳದ ಸ್ಟೈಲ್ ಜೊತೆಗೆ ನುಡಿಸುವುದಾದರೆ ಪೆಡಲ್ ಬಲಗೈ ಟೋನಿಗೆ ಮಾತ್ರ ತಗಲುವಂತೆ ಸೆಟ್ಟಿಂಗ್ ಇದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ತಬಲಾ ಕೂಡ ನಿಮ್ಮ ಕೊಳಲಿನ ಜೊತೆಗೆ ಏರಿಳಿಯುತ್ತದೆ.

ಕೊಳ್ಳುವಾಗ ಕಂಪನಿ ನೋಡಲೇಬೇಕಾದ ಪೆಡಲ್ ಇದು. ಈ ಪೆಡಲ್ಲಿನ ಪಿನ್ನಿನಲ್ಲಿ ಎರಡು ಕರಿ ಉಂಗುರಗಳಿರುತ್ತವೆ, ಅಂದರೆ ಮೂರು ಸಂಪರ್ಕ. ಯಾವ ವೈರ್ ತುದಿಗೆ, ಯಾವುದು ನಡುವಿನ ಪಟ್ಟಿಗೆ ಎನ್ನುವುದನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಇಟ್ಟಿಲ್ಲ. ಯಮಹಾದ ಎಫ್‌ಸಿ7 ಮತ್ತು ರೋಲ್ಯಾಂಡ್‌ನ ಇವಿ-5 ನೋಡಲು ಒಂದೇ ಕೆಲಸದವು, ಆದರೆ ವೈರಿಂಗ್ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಸಿಕ್ಕಿಸಿದರೆ ಹಲಗೆಯ ಪೂರ್ತಿ ಓಟಕ್ಕೆ ದನಿ ಸ್ಪಂದಿಸದೆ, ಎಲ್ಲೋ ತುದಿಯಲ್ಲಿ ತಟ್ಟನೆ ಜಿಗಿಯುವುದು ಉಂಟು. ಎಂ-ಆಡಿಯೊದ ಇಎಕ್ಸ್-ಪಿಯಂಥ ಪೆಡಲ್‌ಗಳಲ್ಲಿ ಈ ವೈರಿಂಗನ್ನು ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಮನೆಯಲ್ಲಿ ಎರಡು ಕಂಪನಿಯ ಕೀಬೋರ್ಡ್ ಇಟ್ಟುಕೊಂಡವರಿಗೆ ನಾನು ಅಂಥದ್ದನ್ನೇ ಹೇಳುವುದು.

ಇಲ್ಲೊಂದು ತೊಡಕಿದೆ. ಮನೆಬಳಕೆಯ ಅಗ್ಗದ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಸ್ಟೇನ್ ಜಾಕ್ ಒಂದೇ. ಅದಕ್ಕೆ ಎಕ್ಸ್‌ಪ್ರೆಶನ್ ಪೆಡಲ್ ಸಿಕ್ಕಿಸಿದರೆ ಏನೂ ಸಾಧಿಸಿದಂತಾಗುವುದಿಲ್ಲ. ಅಂಥ ಕೀಬೋರ್ಡಿನವರಿಗೂ ಒಂದು ದಾರಿ ಇದೆ: ವಾಲ್ಯೂಮ್ ಪೆಡಲ್. ಇದು ಕೀಬೋರ್ಡಿನ ಔಟ್‌ಪುಟ್ಟಿಗೂ ಆಂಪ್ಲಿಫೈಯರಿಗೂ ನಡುವೆ ಕೂರುತ್ತದೆ, ಸದ್ದೇ ಇದರ ಮೂಲಕ ಹಾಯುತ್ತದೆ. ಬಾಸ್ ಕಂಪನಿಯ ಎಫ್‌ವಿ-500 ಎರಡು ಬಗೆಯಲ್ಲಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಚ್ ಇದ್ದರೆ ಗಿಟಾರಿನವರಿಗೆ, ಎಲ್ ಇದ್ದರೆ ಕೀಬೋರ್ಡಿನವರಿಗೆ. ಎಲ್ ಮಾದರಿಗೆ ಎಡ, ಬಲ ಎರಡೂ ಇನ್‌ಪುಟ್ ಇವೆ. ಹೆಸರು ಕೇಳಿ ಮೊದಲು ಸಿಕ್ಕಿದ್ದನ್ನು ತರದೆ ಆ ಕೊನೆಯ ಅಕ್ಷರವನ್ನು ನೋಡಿ ತರಬೇಕು. ಒಂದೇ ನಷ್ಟ ಎಂದರೆ, ಇಲ್ಲಿ ಕೀಬೋರ್ಡಿನಿಂದ ಬರುವ ಎಲ್ಲವೂ ಒಟ್ಟಿಗೇ ಏರಿಳಿಯುತ್ತದೆ. ಸ್ಟೈಲ್ ಹಾಕದೆ, ಪಕ್ಕದಲ್ಲಿ ನಿಜವಾದ ತಬಲಾ ಇಟ್ಟುಕೊಂಡು ನುಡಿಸುವವರಿಗೆ ಅದೇನೂ ಅಡ್ಡಿಯಲ್ಲ.

ಇನ್ನು ಸಸ್ಟೇನ್ ಪೆಡಲ್. ಇದನ್ನು ಬೇಡವೆಂದು ನಾನು ಹೇಳುತ್ತಿಲ್ಲ. ಇದರ ತಾಯಿಮನೆ ಪಿಯಾನೊ. ತೀರ ಮೇಲಿನ ಸ್ವರಗಳನ್ನು ಬಿಟ್ಟರೆ ಪಿಯಾನೊದ ತಂತಿಗಳ ಮೇಲೆ ಫೆಲ್ಟಿನ ಒಂದೊಂದು ತುಂಡು ಕೂತಿರುತ್ತದೆ, ಬೆರಳು ಬಿಟ್ಟೊಡನೆ ಅದು ತಂತಿಯನ್ನು ತಡೆದು ಸುಮ್ಮನಾಗಿಸುತ್ತದೆ. ಬಲಗಡೆಯ ಪೆಡಲ್ ಒತ್ತಿದರೆ ಈ ತಡೆಗಳೆಲ್ಲ ಒಮ್ಮೆಲೇ ಮೇಲೇಳುತ್ತವೆ, ಬೆರಳು ಬಿಟ್ಟರೂ ನಾದ ಉಳಿಯುತ್ತದೆ, ಒತ್ತದ ತಂತಿಗಳೂ ಅನುರಣಿಸುತ್ತವೆ. ಮೊದಮೊದಲು ಈ ಕೆಲಸಕ್ಕೆ ಮೊಣಕಾಲಿನಿಂದ ಎತ್ತುವ ಸನ್ನೆಗಳಿದ್ದವು. ಆಗ್ಸ್‌ಬರ್ಗ್‌ನ ಸ್ಟೈನ್ ಮಾಡುತ್ತಿದ್ದ ಪಿಯಾನೊಗಳ ಮೊಣಕಾಲು ಸನ್ನೆಯನ್ನು ಮೊಜಾರ್ಟ್ 1777ರಲ್ಲಿ ತಂದೆಗೆ ಬರೆದ ಕಾಗದದಲ್ಲಿ ಮೆಚ್ಚಿ ಹೇಳಿದ್ದಾನೆ. ಲಂಡನ್ನಿನ ಜಾನ್ ಬ್ರಾಡ್‌ವುಡ್ 1783ರಲ್ಲಿ ಪೆಡಲ್‌ಗಳಿಗೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಪಾಶ್ಚಾತ್ಯರ ಪಿಯಾನೊ ಸಂಗೀತ ಈ ಪೆಡಲ್ ಇದೆ ಎಂದುಕೊಂಡೇ ಹುಟ್ಟಿತು. ಮಗು ಪಿಯಾನೊ ಪರೀಕ್ಷೆಗೆ ಓದುತ್ತಿದ್ದರೆ ಇದಿಲ್ಲದೆ ನಡೆಯುವುದಿಲ್ಲ.

ಆದರೆ ನಮ್ಮ ರಾಗಗಳಿಗೆ ಇದು ಒಗ್ಗುತ್ತದೆಯೇ? ನಿಮ್ಮ ಹತ್ತಿರ ಸಸ್ಟೇನ್ ಪೆಡಲ್ ಇದ್ದರೆ ಈಗಲೇ ಪಿಯಾನೊ ಟೋನ್ ಇಟ್ಟು ಒಂದು ಪ್ರಯೋಗ ಮಾಡಿ. ಪೆಡಲ್ ಒತ್ತಿ ಹಿಡಿದು, ಮೂರು ಕರಿ ಮನೆಗಳ ಗುಂಪಿನ ಮೊದಲನೆಯದನ್ನು ಷಡ್ಜ ಮಾಡಿಕೊಂಡು ಬರೀ ಕರಿ ಮನೆಗಳ ಮೇಲೆ ಏರಿ. ಅದು ಮೋಹನ, ಉತ್ತರದವರ ಭೂಪ್. ಸ ರಿ ಗ ಪ ದ ಎಲ್ಲವೂ ಒಂದರ ಮೇಲೊಂದು ಉಳಿದರೂ ಕಿವಿಗೆ ಹಿತವೇ. ಆ ರಾಗದಲ್ಲಿ ಯಾವ ಎರಡು ಸ್ವರಗಳ ನಡುವೆಯೂ ಅರ್ಧ ಸ್ವರದ ಅಂತರವಿಲ್ಲ. ಈಗ ಕಾಲೆತ್ತಿ, ಬಿಳಿ ಮನೆ ಸಿ ಷಡ್ಜವಾಗಿ ಮಾಯಾಮಾಳವಗೌಳಕ್ಕೆ ಬನ್ನಿ, ಸರಳೆ ವರಸೆ ಕಲಿತವರಿಗೆಲ್ಲ ಬೆರಳಿನಲ್ಲೇ ಇರುವ ರಾಗ. ಪೆಡಲ್ ಒತ್ತಿ ಅದೇ ನಡಿಗೆಯಲ್ಲಿ ಏರಿ. ಷಡ್ಜದ ಮೇಲೆ ಶುದ್ಧ ರಿಷಭ ಬಿದ್ದೊಡನೆ ತಿಕ್ಕಾಟ ಶುರು. ಗಾಂಧಾರ-ಮಧ್ಯಮ, ಪಂಚಮ-ಧೈವತ, ನಿಷಾದ-ಷಡ್ಜ, ನಾಲ್ಕೂ ಜೋಡಿಗಳು ಅರ್ಧ ಸ್ವರದವು. ಮೇಲಿನ ಷಡ್ಜ ತಲುಪುವಷ್ಟರಲ್ಲಿ ಕೇಳುವುದು ರಾಗವಲ್ಲ, ಗದ್ದಲ. ಹಂಸಧ್ವನಿ ನಡುವಿನದು: ನಿಷಾದದಿಂದ ಷಡ್ಜಕ್ಕೆ ಹೋಗುವ ಕ್ಷಣವೊಂದರಲ್ಲಿ ಕಾಲೆತ್ತಿದರೆ ಸಾಕು, ಉಳಿದೆಡೆ ಪೆಡಲ್ ಚೆಲುವು ಕೊಡುತ್ತದೆ. ರಾಗ ಯಾವುದೆಂದು ತಿಳಿದು ಕಾಲಿಡಬೇಕಾದ ವಿಷಯ ಇದು, ಪಿಯಾನೊ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಗಮಕದ ವಿಚಾರದಲ್ಲಿ ಇನ್ನೂ ಒಂದು ಎಚ್ಚರ. ನಾವು ಪಿಚ್ ಬೆಂಡ್ ಚಕ್ರ ತಿರುಗಿಸಿ ಜಾರು, ಕಂಪಿತ ತರಲು ನೋಡುತ್ತೇವಲ್ಲ, ಆ ಚಕ್ರ ಒಂದೊಂದೇ ಸ್ವರವನ್ನು ಬಗ್ಗಿಸುವುದಿಲ್ಲ. ಆ ಟೋನಿನಲ್ಲಿ ಆ ಹೊತ್ತಿಗೆ ಕೇಳುತ್ತಿರುವ ಎಲ್ಲ ಸ್ವರಗಳನ್ನೂ ಬಗ್ಗಿಸುತ್ತದೆ. ಪೆಡಲ್ ಒತ್ತಿದ್ದರೆ ಬೆರಳು ಬಿಟ್ಟು ಬಂದ ಹಿಂದಿನ ಸ್ವರಗಳೂ ನಿಮ್ಮ ಗಾಂಧಾರದ ಜೊತೆಗೆ ಜಾರುತ್ತವೆ. ಷಡ್ಜವೇ ಅಲುಗಾಡಿದರೆ ಹಾಡುವವರ ಗತಿ ಏನು? ಚಕ್ರಕ್ಕೆ ಕೈ ಹೋಗುವ ಮೊದಲೇ ಕಾಲು ಮೇಲಿರಬೇಕು. ಕೊಳಲು, ವಯಲಿನ್ ಟೋನುಗಳಿಗೆ ಸಸ್ಟೇನ್ ಮುಟ್ಟುವುದೇ ಬೇಡ ಎಂದು ನನ್ನ ವಿದ್ಯಾರ್ಥಿಗಳಿಗೆ ನೇರವಾಗಿ ಹೇಳುತ್ತೇನೆ.

ಹಾಗಾದರೆ ಸಸ್ಟೇನ್ ನಮಗೆ ಎಲ್ಲಿ ಬೇಕು? ಎಡಗೈ ಕಾರ್ಡುಗಳಿಗೆ. ಭಾವಗೀತೆಯ ಹಿಂದೆ ಪಿಯಾನೊ ಅಥವಾ ಗಿಟಾರ್ ಟೋನಿನಲ್ಲಿ ಕಾರ್ಡ್ ಹಿಡಿಯುವಾಗ, ಒಂದರಿಂದ ಇನ್ನೊಂದಕ್ಕೆ ಕೈ ಜಿಗಿಯುವ ಸಣ್ಣ ಬಿಡುವನ್ನು ತುಂಬುವುದು ಈ ಪೆಡಲ್. ಕಲಿಸುವಾಗ ನಾನು ಕೀಬೋರ್ಡಿನ ಪಕ್ಕ ನೆಲದ ಮೇಲೆ ಕೂತುಬಿಡುತ್ತೇನೆ, ಕಾಲು ಕಾಣಬೇಕಲ್ಲ. ಒಬ್ಬಳು ಹುಡುಗಿ ಇದ್ದಾಳೆ, ಕಿವಿ ಬಹಳ ಚುರುಕು. ಕಾರ್ಡ್ ಒತ್ತುವಾಗಲೇ ಕಾಲನ್ನೂ ಒತ್ತುತ್ತಿದ್ದಳು, ಎರಡೂ ಒಟ್ಟಿಗೆ, ಕೋಲಾಟದ ಹೆಜ್ಜೆಯ ಹಾಗೆ. ಹಳೆಯ ಕಾರ್ಡ್ ಹೊಸದರೊಳಗೆ ಕಲೆತು ಮಬ್ಬಾಗುತ್ತಿತ್ತು. "ಪುಟ್ಟೀ, ಕೈ ಕೆಳಗೆ ಹೋಗುವಾಗ ಕಾಲು ಮೇಲೆ ಬರಲಿ. ಹೊಸ ಕಾರ್ಡ್ ಕಿವಿಗೆ ಬಿದ್ದ ಮೇಲೆ ಕಾಲು ಕೆಳಗೆ" ಎಂದೆ. ಹಿಮ್ಮಡಿ ನೆಲಕ್ಕೆ ಅಂಟಿರಬೇಕು, ಆಡುವುದು ಬೆರಳುಗಳ ಬುಡ ಮಾತ್ರ. ಅವಳು ಎರಡು ಕಾರ್ಡುಗಳ ನಡುವೆಯೇ ಬಹಳ ಹೊತ್ತು ಹೋಗಿ ಬಂದು ಮಾಡಿದಳು, ಕೈ ಇಳಿದಾಗ ಕಾಲು ಏರುವುದು ಮೈಗೆ ಹಿಡಿಯುವ ತನಕ. ಆಮೇಲೆ ತಲೆ ಎತ್ತಿ, "ಮೇಷ್ಟ್ರೇ, ಈಗ ಹೊಲಿಗೆ ಕಾಣಿಸ್ತಿಲ್ಲ" ಎಂದಳು. ಪಿಯಾನೊ ಕಲಿಸುವವರು ಇದಕ್ಕೆ ಸಿಂಕೊಪೇಟೆಡ್ ಪೆಡಲಿಂಗ್ ಎನ್ನುತ್ತಾರೆ.

ಕಾಲು ಹೀಗೆ ತಯಾರಾದ ಮೇಲೆ ಪೆಡಲ್ಲಿನ ಗುಣಮಟ್ಟದ ಪ್ರಶ್ನೆ ಬರುತ್ತದೆ. ಕೀಬೋರ್ಡ್ ಜೊತೆಗೆ ಪುಕ್ಕಟೆ ಬರುವ ಚೌಕನೆಯ ಪ್ಲಾಸ್ಟಿಕ್ ತುಂಡು ಇದೆಯಲ್ಲ, ಯಮಹಾದ ಎಫ್‌ಸಿ5, ಕ್ಯಾಸಿಯೊದ ಎಸ್‌ಪಿ-3 ಥರದ್ದು, ಅದು ಒಂದು ಸ್ವಿಚ್ ಅಷ್ಟೇ. ಒತ್ತಿದರೆ ಹೌದು, ಬಿಟ್ಟರೆ ಇಲ್ಲ. ಇದರ ಓಟ ತೀರ ಚಿಕ್ಕದು, ಹಿಮ್ಮಡಿಯಿಟ್ಟು ಕಾಲಾಡಿಸುವ ಅಭ್ಯಾಸ ಇದರ ಮೇಲೆ ಕೂರುವುದಿಲ್ಲ. ಲೋಹದ ನಾಲಗೆಯಿರುವ ಪಿಯಾನೊ ಮಾದರಿಯ ಪೆಡಲ್ಲಿಗೆ ಸ್ವಲ್ಪ ಹೆಚ್ಚು ಹಣ ಹಾಕಿ ಎಂದು ನಾನು ಒತ್ತಾಯಿಸುತ್ತೇನೆ. ಅದರಲ್ಲೂ ಎರಡು ಬಗೆ. ಕೆಲವು ಹೊರಗೆ ಪಿಯಾನೊ ಪೆಡಲ್, ಒಳಗೆ ಅದೇ ಸ್ವಿಚ್. ಯಮಹಾದ ಎಫ್‌ಸಿ3ಎ, ರೋಲ್ಯಾಂಡ್‌ನ ಡಿಪಿ-10, ಕೋರ್ಗ್‌ನ ಡಿಎಸ್-1ಎಚ್‌ಗಳು ಅರ್ಧ ಒತ್ತಿದ್ದನ್ನೂ ಗುರುತಿಸುತ್ತವೆ. ಮಿಡಿಯಲ್ಲಿ ಸಸ್ಟೇನಿನ ನಂಬರ್ 64. ಸ್ವಿಚ್ ಪೆಡಲ್ ಕಳಿಸುವುದು 0 ಅಥವಾ 127, ಎರಡೇ. ಇವು ನಡುವಿನ ಅಂಕಿಗಳನ್ನೂ ಕಳಿಸುತ್ತವೆ. ಪೂರ್ತಿ ನಾದವೂ ಅಲ್ಲ, ಪೂರ್ತಿ ತಡೆಯೂ ಅಲ್ಲ ಎನ್ನುವ ಸ್ಥಿತಿಯಲ್ಲಿ ಪಿಯಾನೊ ದನಿ ಬಹಳ ಸೊಗಸಾಗಿ ಉಳಿಯುತ್ತದೆ. ಆದರೆ ಇದನ್ನು ಅರ್ಥಮಾಡಿಕೊಳ್ಳುವ ಕೀಬೋರ್ಡ್ ಇರಬೇಕು. ಮ್ಯಾನ್ಯುಯಲ್‌ನಲ್ಲಿ ಹಾಫ್ ಪೆಡಲ್ ಅಥವಾ ಹಾಫ್ ಡ್ಯಾಂಪರ್ ಎಂಬ ಮಾತಿಲ್ಲದಿದ್ದರೆ ಆ ಹಣವನ್ನು ಉಳಿಸಿಕೊಳ್ಳಿ. ಡಿಪಿ-10ರಲ್ಲಿ ಎರಡೂ ಬಗೆಗೆ ಬದಲಿಸುವ ಸ್ವಿಚ್ ಇದೆ, ಮುಂದೆ ಡಿಜಿಟಲ್ ಪಿಯಾನೊ ಕೊಳ್ಳುವ ಆಲೋಚನೆ ಇರುವವರಿಗೆ ಅನುಕೂಲ.

ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಮಾತ್ರ ಈ ಸೂಕ್ಷ್ಮಗಳ ಬಗ್ಗೆ ಅಲ್ಲ. "ಪೆಡಲ್ ಉಲ್ಟಾ ಕೆಲಸ ಮಾಡ್ತಿದೆ" ಎಂಬುದೇ. ಒತ್ತದಿದ್ದಾಗ ನಾದ ಎಳೆಯುತ್ತದೆ, ಒತ್ತಿದರೆ ಕಡಿಯುತ್ತದೆ. ಕೆಟ್ಟಿದೆ ಎಂದುಕೊಂಡು ವಾಪಸ್ ಕೊಡುವವರಿದ್ದಾರೆ. ಅದು ಕೆಟ್ಟಿರುವುದಿಲ್ಲ. ಯಮಹಾ ಪೆಡಲ್‌ಗಳಲ್ಲಿ ಕಾಲು ಇಡದಿದ್ದಾಗ ಸರ್ಕ್ಯೂಟ್ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ. ಕ್ಯಾಸಿಯೊದಲ್ಲಿ ಇದರ ತಿರುಗಾಮುರುಗಾ. ಒಂದರ ಪೆಡಲ್ ಇನ್ನೊಂದಕ್ಕೆ ಹಾಕಿದರೆ ಉಲ್ಟಾ ಆಗುವುದು ಸಹಜ. ಹಲವು ಕೀಬೋರ್ಡ್‌ಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆ ಎಂದು ನೋಡಿ, ಅದನ್ನೇ ಒತ್ತದ ಸ್ಥಿತಿ ಎಂದು ಹೊಂದಿಸಿಕೊಳ್ಳುತ್ತವೆ. ಹಾಗಾಗಿ ಮೊದಲು ಪಿನ್ ಸಿಕ್ಕಿಸಿ, ಆಮೇಲೆ ಪವರ್ ಒತ್ತಿ. ಪವರ್ ಒತ್ತುವಾಗ ಪೆಡಲ್ ಮೇಲೆ ಕಾಲಿರಬಾರದು. ಸರಿಯಾದ ಪೆಡಲ್ ಇದ್ದೂ ಉಲ್ಟಾ ಆಗುವುದು ಬಹಳ ಸಲ ಈ ಕಾಲಿನಿಂದಲೇ. ಬೇರೆ ಬೇರೆ ಕಂಪನಿಗೆ ಹೊಂದುವ ಪೆಡಲ್‌ಗಳ ತಳದಲ್ಲೋ ಬದಿಯಲ್ಲೋ ಈ ಉಲ್ಟಾವನ್ನು ಸರಿಮಾಡುವ ಪೋಲಾರಿಟಿ ಸ್ವಿಚ್ ಇರುತ್ತದೆ, ಎಂ-ಆಡಿಯೊದ ಎಸ್‌ಪಿ-2 ಅಂಥದು. ಕೊಳ್ಳುವುದಾದರೆ ಆ ಸ್ವಿಚ್ ಇರುವುದನ್ನೇ ಕೊಳ್ಳಿ.

ಸ್ವಿಚ್ ಇಲ್ಲದ್ದು ಮನೆಯಲ್ಲಿದ್ದರೆ ಎಸೆಯಬೇಕಾಗಿಲ್ಲ. ಮಲ್ಟಿಮೀಟರನ್ನು ಬೀಪ್ ಮಾಡುವ ಸ್ಥಾನಕ್ಕಿಟ್ಟು ಒಂದು ಕಡ್ಡಿ ಪಿನ್ನಿನ ತುದಿಗೆ, ಇನ್ನೊಂದು ಅದರ ಬುಡಕ್ಕೆ ತಾಗಿಸಿ. ಒತ್ತದೆಯೇ ಬೀಪ್ ಬಂದರೆ ಯಮಹಾ ಬಗೆ, ಒತ್ತಿದಾಗ ಬಂದರೆ ಕ್ಯಾಸಿಯೊ ಬಗೆ. ತಳದ ಸ್ಕ್ರೂಗಳನ್ನು ಬಿಚ್ಚಿದರೆ ಹಲವು ಪೆಡಲ್‌ಗಳ ಒಳಗೆ ಒಂದು ಮೈಕ್ರೊಸ್ವಿಚ್ ಕಾಣುತ್ತದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಒಂದು ತಗಡಿನ ನಾಲಗೆ, ಮೂರು ಕಾಲು. ಮೈಮೇಲೆ ಸಣ್ಣದಾಗಿ ಸಿ, ಎನ್‌ಒ, ಎನ್‌ಸಿ ಎಂದು ಅಚ್ಚಾಗಿರುತ್ತದೆ. ಸಿ ಅಂದರೆ ಕಾಮನ್, ಅದರ ವೈರನ್ನು ಮುಟ್ಟಬೇಡಿ. ಎನ್‌ಒ ಅಂದರೆ ಒತ್ತದಿದ್ದಾಗ ಬಿಟ್ಟಿರುವುದು, ಎನ್‌ಸಿ ಅಂದರೆ ಒತ್ತದಿದ್ದಾಗ ಕೂಡಿರುವುದು. ಇನ್ನೊಂದು ವೈರ್ ಎನ್‌ಸಿ ಕಾಲಿನಲ್ಲಿದ್ದರೆ ಅದನ್ನು ಬಿಡಿಸಿ ಎನ್‌ಒ ಕಾಲಿಗೆ ಬೆಸುಗೆ ಹಾಕಿ, ಅಥವಾ ಅದರ ವಿರುದ್ಧ. ಪೆಡಲ್ಲಿನ ಗುಣವೇ ಬದಲಾಗುತ್ತದೆ. ಪಿನ್ನಿನ ಬಳಿ ಎರಡು ವೈರುಗಳನ್ನು ಅದಲುಬದಲು ಮಾಡಿ ಪ್ರಯೋಜನವಿಲ್ಲ, ಸ್ವಿಚ್ಚಿಗೆ ಯಾವ ವೈರ್ ಯಾವ ಕಡೆ ಎಂಬ ಭೇದವಿಲ್ಲ. ಬೆಸುಗೆ ಹಾಕುವ ಅಭ್ಯಾಸವಿರುವ ಟಿವಿ ರಿಪೇರಿಯವರು ಇದನ್ನು ಕೂತಲ್ಲೇ ಮಾಡಿಕೊಡುತ್ತಾರೆ.

ಪಿಯಾನೊದ ಮೂರನೆಯ ಪೆಡಲ್ ಒಂದಿದೆ, ನಡುವಿನದು, ಸೊಸ್ಟೆನೂಟೊ. ಸ್ಟೈನ್‌ವೇ ಕಂಪನಿ 1874ರಲ್ಲಿ ಪೇಟೆಂಟ್ ಪಡೆದದ್ದು. ಪೆಡಲ್ ಒತ್ತುವ ಕ್ಷಣದಲ್ಲಿ ಬೆರಳಿನಡಿ ಇದ್ದ ಸ್ವರಗಳನ್ನು ಮಾತ್ರ ಹಿಡಿದಿಟ್ಟು, ಮುಂದೆ ನುಡಿಸಿದ್ದನ್ನು ಬಿಟ್ಟುಬಿಡುತ್ತದೆ. ಪಿಯಾನೊ ನುಡಿಸುವವರೇ ಇದನ್ನು ಅಪರೂಪಕ್ಕೆ ಬಳಸುತ್ತಾರೆ. ನಮಗೆ ಇದು ಹೇಳಿ ಮಾಡಿಸಿದ್ದು. ಸ್ಟ್ರಿಂಗ್ಸ್ ಅಥವಾ ಹಾರ್ಮೋನಿಯಂ ಟೋನಿನಲ್ಲಿ ಷಡ್ಜ-ಪಂಚಮ ಒತ್ತಿ, ಪೆಡಲ್ ಒತ್ತಿ, ಬೆರಳು ತೆಗೆಯಿರಿ. ಶ್ರುತಿ ನಿಂತಿತು. ಅದರ ಮೇಲೆ ಎರಡೂ ಕೈಯಲ್ಲಿ ಆಲಾಪ ಮಾಡಿ, ಯಾವ ಸ್ವರವೂ ಕಲೆಸುವುದಿಲ್ಲ. ಇದಕ್ಕೆ ಮೂರು ಪೆಡಲ್ಲಿನ ಘಟಕ ಬೇಕಾಗಿಲ್ಲ. ಕ್ಯಾಸಿಯೊದ ಹಲವು ಕೀಬೋರ್ಡ್‌ಗಳಲ್ಲಿ ಅದೇ ಸಾಮಾನ್ಯ ಪೆಡಲ್ಲಿಗೆ ಸಸ್ಟೇನ್, ಸೊಸ್ಟೆನೂಟೊ, ಸಾಫ್ಟ್, ರಿದಮ್ ಸ್ಟಾರ್ಟ್-ಸ್ಟಾಪ್ ಎಂದು ಕೆಲಸ ಬದಲಿಸುವ ಸೆಟ್ಟಿಂಗ್ ಇದೆ. ಮೆನು ತೆರೆದು ನೋಡುವವರೇ ಕಡಿಮೆ. ಪಿಚ್ ಬೆಂಡ್ ಚಕ್ರ ಮುಟ್ಟಿದರೆ ಶ್ರುತಿಯೂ ಬಾಗುತ್ತದೆ ಎಂಬ ಮೇಲಿನ ಎಚ್ಚರ ಇಲ್ಲಿಗೂ ಸಲ್ಲುತ್ತದೆ.

ಆರ್ಕೆಸ್ಟ್ರಾದವರಿಗೆ ನಾದಕ್ಕಿಂತ ಕೈ ಬಿಡುವು ಮುಖ್ಯ. ಪಲ್ಲವಿಗೆ ಕೊಳಲು, ಬಿಜಿಎಂಗೆ (ನಡುವಿನ ವಾದ್ಯಸಂಗೀತಕ್ಕೆ) ಬ್ರಾಸ್, ಚರಣಕ್ಕೆ ಸ್ಟ್ರಿಂಗ್ಸ್, ಎಲ್ಲ ಕ್ಷಣಾರ್ಧದಲ್ಲಿ ಬದಲಾಗಬೇಕು. ಸ್ಟೈಲ್ ಬಾರಿಸುವ ದೊಡ್ಡ ಅರೇಂಜರ್ ಕೀಬೋರ್ಡ್‌ಗಳಲ್ಲಿ ಸ್ವಿಚ್ ಪೆಡಲ್ಲಿಗೆ ಮುಂದಿನ ರಿಜಿಸ್ಟ್ರೇಷನ್ (ಮೊದಲೇ ಹೊಂದಿಸಿಟ್ಟ ಟೋನುಗಳು), ಫಿಲ್-ಇನ್ (ತಾಳದ ನಡುವಿನ ಚಿಕ್ಕ ತಿರುವು) ಮುಂತಾದ ಕೆಲಸ ವಹಿಸಬಹುದು. ಅವರಿಗೆ ಅಗ್ಗದ ಚೌಕ ಪೆಡಲ್ಲೇ ಸಾಕು, ಹಾಫ್ ಪೆಡಲ್ಲಿಗೆ ಹಣ ಸುರಿಯುವುದು ಬೇಡ.

ಕೂರುವ ವಿಚಾರಕ್ಕೆ ಬರುತ್ತೇನೆ. ಪೆಡಲ್ ಮಾಡುವವರು ಕುರ್ಚಿಯ ಮೇಲೆ ಬೂಟು ಹಾಕಿಕೊಂಡು ಕೂತವರನ್ನು ಮನಸ್ಸಿನಲ್ಲಿಟ್ಟು ಮಾಡುತ್ತಾರೆ. ನಾವು ಮನೆಯಲ್ಲಿ ಬರಿಗಾಲು, ವೇದಿಕೆಯ ಮೇಲೂ ಬರಿಗಾಲು. ಅಂಚು ಚೂಪಾದ ಲೋಹದ ಪೆಡಲ್ ಅರ್ಧ ಗಂಟೆಯಲ್ಲಿ ಪಾದಕ್ಕೆ ಗೆರೆ ಹಾಕುತ್ತದೆ. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಒತ್ತಿ ನೋಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಹಗುರ ಪೆಡಲ್ ಒತ್ತಿದಷ್ಟೂ ಮುಂದಕ್ಕೆ ಓಡುತ್ತದೆ. ತೂಕದ್ದು ಒಳ್ಳೆಯದು. ಡಿಪಿ-10ರಲ್ಲಿ ಹಿಮ್ಮಡಿಯ ಕೆಳಗೆ ಹಾಸುವ ರಬ್ಬರ್ ಪಟ್ಟಿ ಇದೆ, ನುಡಿಸುವವರ ಭಾರವೇ ಪೆಡಲ್ಲನ್ನು ಹಿಡಿದಿಡುತ್ತದೆ. ಅದಿಲ್ಲದವರು ಬಾಗಿಲ ಬಳಿಯ ರಬ್ಬರ್ ಮ್ಯಾಟಿನ ತುಂಡೊಂದನ್ನು ಕತ್ತರಿಸಿ ಕೆಳಗೆ ಹಾಕಿಕೊಳ್ಳಬಹುದು.

ಭಜನೆ, ಸುಗಮ ಸಂಗೀತದ ವೇದಿಕೆಯಲ್ಲಿ ಎಲ್ಲರೂ ನೆಲದ ಮೇಲೆ ಕೂರುವಾಗ ಕೀಬೋರ್ಡಿನವರು ಮಾತ್ರ ಎತ್ತರದಲ್ಲಿ ಕೂರಲು ಸಂಕೋಚಪಡುತ್ತಾರೆ. ಚಕ್ಕಳಮಕ್ಕಳ ಹಾಕಿ ಕೂತರೆ ಯಾವ ಪೆಡಲ್ಲೂ ಪ್ರಯೋಜನಕ್ಕೆ ಬಾರದು. ನನ್ನ ಅನುಭವದಲ್ಲಿ ಒಂದು ಗಿಡ್ಡ ಮಣೆಯ ಮೇಲೆ ಕೂತು, ಎಡಗಾಲು ಮಡಚಿ, ಬಲಗಾಲನ್ನು ಕೀಬೋರ್ಡಿನ ಕೆಳಗೆ ಚಾಚಿದರೆ ಸಸ್ಟೇನ್ ಒತ್ತುವುದು ಸಾಧ್ಯ. ಎಕ್ಸ್‌ಪ್ರೆಶನ್ ಸಾಧ್ಯವಿಲ್ಲ, ಅದಕ್ಕೆ ಮೊಣಕಾಲು ಬಾಗಿ ಪಾದ ಮೇಲಿನಿಂದ ಇಳಿಯಬೇಕು. ಆದ್ದರಿಂದ ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಸ್ಟೂಲು, ಎತ್ತರದ ಸ್ಟ್ಯಾಂಡು ಬೇಕೆಂದು ಸಂಘಟಕರಿಗೆ ಹೇಳಿಬಿಡುತ್ತೇನೆ. ಗಾಯಕಿಯೊಬ್ಬರು ಮೊದಮೊದಲು ಇದಕ್ಕೆ ಮುಖ ಸಣ್ಣದು ಮಾಡಿಕೊಂಡಿದ್ದರು. ಅವರು ಚರಣದಲ್ಲಿ ದನಿ ತಗ್ಗಿಸಿದ ಕಡೆಯಲ್ಲೆಲ್ಲ ಕೊಳಲೂ ತಗ್ಗುವುದನ್ನು ಕೇಳಿದ ಮೇಲೆ, ಈಗ ಅವರೇ ಫೋನ್ ಮಾಡಿ "ಸ್ಟೂಲು ಹಾಕಿಸಿದ್ದೀನಿ ಸರ್, ಪೆಡಲ್ ಮರೀಬೇಡಿ" ಎನ್ನುತ್ತಾರೆ.

ಚಿಕ್ಕ ಮಕ್ಕಳ ತಂದೆತಾಯಿಗಳಿಗೆ: ಕಾಲು ನೆಲಕ್ಕೆ ಎಟುಕದ ಮಗುವಿಗೆ ಪೆಡಲ್ ಕೊಳ್ಳಬೇಡಿ. ಕುರ್ಚಿಯ ಅಂಚಿಗೆ ಜಾರಿ, ಹೆಬ್ಬೆರಳ ತುದಿಯಲ್ಲಿ ಒತ್ತುತ್ತ ಕೂತರೆ ಬೆನ್ನು, ಮಣಿಕಟ್ಟು ಎರಡೂ ಕೆಡುತ್ತವೆ. ಎಟುಕುವ ತನಕ ಬೆರಳಿನಿಂದಲೇ ಸ್ವರಗಳನ್ನು ಕಡಿಯದೆ ಜೋಡಿಸಲು ಕಲಿಯಲಿ. ಪಿಯಾನೊ ಪರೀಕ್ಷೆಯ ಪಾಠದಲ್ಲಿ ಪೆಡಲ್ ಬರುವಷ್ಟು ಮುಂದೆ ಹೋಗಿದ್ದರೆ ಗಟ್ಟಿಯಾದ ಮರದ ಪೆಟ್ಟಿಗೆಯೊಂದರ ಮೇಲೆ ಪೆಡಲ್ ಇಟ್ಟು, ಎರಡೂ ಹಿಮ್ಮಡಿ ಅದರ ಮೇಲೆ ಊರುವಂತೆ ಎತ್ತರ ಹೊಂದಿಸಿ. ಅಂಗಡಿಗೆ ಹೊರಡುವ ಮುಂಚೆ ಕೀಬೋರ್ಡಿನ ಹಿಂಬದಿಯದೊಂದು ಫೋಟೊ, ಮ್ಯಾನ್ಯುಯಲ್‌ನಲ್ಲಿ ಪೆಡಲ್ ಬಗ್ಗೆ ಇರುವ ಪುಟದ್ದೊಂದು ಫೋಟೊ ಮೊಬೈಲಿನಲ್ಲಿ ಇರಲಿ. ಅನುಮಾನ ಬಂದರೆ ನನಗೂ ಆ ಎರಡನ್ನು ಕಳಿಸಿ, ನೋಡಿ ಹೇಳುತ್ತೇನೆ.